ಮುಸ್ತಾಕ ಸೇರಿಸಿದ ಎರಡಿಂಚು

ಸವಣೂರಿನಲ್ಲಿ ನನ್ನ ಖಾರಾ ಕರಿದು ಮಾರುವ ಅಂಗಡಿಗೂ ಮುಸ್ತಾಕನ ಸೈಕಲ್ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಮನೆಯಲ್ಲಿ ಎಲ್ಲರೂ ದೂರುತ್ತಾರೆ. ದೂರುವವರಲ್ಲಿ ಒಬ್ಬರೂ ಮುಸ್ತಾಕನ ಪಕ್ಕದಲ್ಲಿ ಇಪ್ಪತ್ತೆರಡು ವರ್ಷ ವ್ಯಾಪಾರ ಮಾಡಿದವರಲ್ಲ. ಆ ಮನುಷ್ಯನಿಗೆ ಕೂತಲ್ಲಿ ಕೂರಲು ಬರುವುದಿಲ್ಲ. ಚಹಾ ತರಿಸಿದರೆ ಅರ್ಧ ಕುಡಿದು, ಗ್ಲಾಸನ್ನು ಯಾವುದೋ ಸೈಕಲ್ಲಿನ ಸೀಟಿನ ಮೇಲಿಟ್ಟು, ಇನ್ನೊಂದು ಸೈಕಲ್ಲಿನ ಚಕ್ರ ಬಿಚ್ಚಲು ಹೋಗುತ್ತಾನೆ. ಅದನ್ನು ಅರ್ಧ ಬಿಚ್ಚಿ, ಏನೋ ನೆನಪಾಗಿ ರಸ್ತೆಗೆ ಬರುತ್ತಾನೆ. ಒಮ್ಮೆ ಅವನ ಅಂಗಡಿಯ ಬೇರಿಂಗ್ ಗುಂಡು ನನ್ನ ಹಿಟ್ಟಿನ ಪರಾತದಲ್ಲಿ ಸಿಕ್ಕಿತ್ತು. ಅದು ಗೋಡೆ ದಾಟಿ ಹೇಗೆ ಬಂತೆಂದು ನಾನು ಕೂಗಾಡಿದೆ. ಅವನು ಬಂದು, ಗುಂಡನ್ನು ಒರೆಸಿಕೊಂಡು, "ಇದನ್ನ ಮುಂಜಾನಿಂದ ಹುಡುಕಾಕತ್ತೇನಿ ನೋಡ್ರಿ ಅಜ್ಜಪ್ಪಣ್ಣ" ಎಂದು ಸಂತೋಷದಿಂದ ಹೋದ.

ಅವನ ಅಪ್ಪ ಕರೀಮಸಾಬ ಬೇರೆಯೇ ಮನುಷ್ಯ. ಗೋಣಿಚೀಲದ ಮೇಲೆ ಕೂತರೆ ಮಧ್ಯಾಹ್ನದ ನಮಾಜಿಗೇ ಏಳುತ್ತಿದ್ದ. ಅವನಿಗೆ ಹೆಸರು ತಂದದ್ದು ಎಲೆ ಮಾರುವವರ ಸೈಕಲ್ಲು. ನಮ್ಮ ಊರಿನ ತೋಟಗಳ ವೀಳ್ಯದೆಲೆಯನ್ನು ಪೆಂಡಿ ಕಟ್ಟಿ ಸೈಕಲ್ಲಿನ ಹಿಂದೆ ಮುಂದೆ ಹೇರಿಕೊಂಡು ಹಳ್ಳಿಗಳಿಗೆ ಒಯ್ಯುವವರು ಆಗ ಬಹಳ ಮಂದಿ ಇದ್ದರು. ಪೆಂಡಿ ದೊಡ್ಡದಾದಷ್ಟೂ ಹ್ಯಾಂಡಲ್ ತಿರುಗಿಸುವುದು ಕಷ್ಟ. ಕರೀಮಸಾಬ ಹ್ಯಾಂಡಲ್ಲಿನ ಎರಡೂ ತುದಿಗೆ ಗಟ್ಟಿ ಕಟ್ಟಿಗೆಯ ತುಂಡು ಜಡಿದು, ಮೇಲೆ ತಗಡು ಸುತ್ತಿ, ಒಂದೊಂದು ಕಡೆಗೂ ಒಂದು ಗೇಣು ಅಗಲ ಮಾಡಿಕೊಡುತ್ತಿದ್ದ. ಹಿಡಿತ ಅಗಲವಾದರೆ ಭಾರ ಹಗುರಾಗುತ್ತದೆ. ಶಿಗ್ಗಾಂವಿ, ಹಾನಗಲ್ಲಿನಿಂದಲೂ ಜನ ಬಂದು ಮಾಡಿಸಿಕೊಳ್ಳುತ್ತಿದ್ದರು.

ಮಗ ಹದಿನೇಳಕ್ಕೆ ಮನೆ ಬಿಟ್ಟು ಹುಬ್ಬಳ್ಳಿಗೆ ಓಡಿದ. ಅಲ್ಲಿ ಮೂರು ವರ್ಷ ಲೇತ್ ಮಷೀನಿನ ಮೇಲೆ ಕಬ್ಬಿಣ ಕಡೆಯುವುದನ್ನು ಕಲಿತು, ಅಲ್ಲಿಯೂ ನಿಲ್ಲಲಾರದೆ ತಿರುಗಿ ಬಂದ. ತನ್ನ ನಿಕಾಹದ ದಿನ ಬೀಗರ ಕಡೆಯವರ ಸೈಕಲ್ಲಿನ ಪಂಕ್ಚರ್ ತೆಗೆಯಲು ಶೇರ್ವಾನಿಯ ತೋಳು ಮಡಚಿ ಕೂತನೆಂದು ಅವನ ಹೆಂಡತಿ ಶಾಕೀರಾ ಇಂದಿಗೂ ಹೇಳಿ ನಗುತ್ತಾಳೆ. ನಗುತ್ತಲೇ, "ಅಣ್ಣಾರ, ಇವ್ರು ನಿದ್ದ್ಯಾಗೂ ಪಾನಾ ತಿರುವತಾರ್ರಿ" ಎಂದು ಬೋಲ್ಟು ಬಿಚ್ಚುವ ಹಾಗೆ ಕೈ ತಿರುಗಿಸಿ ತೋರಿಸುತ್ತಾಳೆ. ಅಪ್ಪ ಸತ್ತ ಮೇಲೆ ಅಂಗಡಿಯಲ್ಲಿ ಒಂದು ಹಳೆಯ ಸಣ್ಣ ಲೇತ್ ತಂದಿಟ್ಟ. ಅದರ ಕಿರಿಕಿರಿ ಸದ್ದಿಗೆ ನನ್ನ ಗಿರಾಕಿಗಳು ಕಾಲು ಕಿಲೋ ಕೇಳಿದರೆ ನನಗೆ ಅರ್ಧ ಕಿಲೋ ಕೇಳಿಸುತ್ತದೆ.

ಕಳೆದ ನವೆಂಬರಿನ ಒಂದು ಬುಧವಾರ ಆ ಅಂಗಡಿಯ ಮುಂದೆ ತನುಜಾ ಬಂದು ಇಳಿದಳು. ಶಿಗ್ಗಾಂವಿ ತಾಲೂಕಿನ ದುಂಡಸಿಯ ಹುಡುಗಿ, ಒಕ್ಕಲುತನದ ಮನೆಯವಳು. ಅಷ್ಟು ದೂರವನ್ನು ತುಳಿದುಕೊಂಡೇ ಬಂದಿದ್ದಳು. ವಯಸ್ಸು ಹದಿನೈದು, ಆದರೆ ಭುಜ ನೋಡಿದರೆ ಚೀಲ ಎತ್ತುವವರ ಹಾಗೆ ಅಗಲ. ಅವಳದು ಗೇರಿನ ಸೈಕಲ್ಲು, ಗುಡ್ಡ ಹತ್ತಿ ಇಳಿಯುವ ದಪ್ಪ ಟೈರಿನದು, ಯಾರೋ ಓಡಿಸಿ ಬಿಟ್ಟದ್ದನ್ನು ಶಾಲೆಯ ಆಟದ ಮಾಸ್ತರರು ಕೊಡಿಸಿದ್ದು. ಅದರ ಹ್ಯಾಂಡಲ್ ಅವಳಿಗೆ ಸಣ್ಣದು. ಮೊಳಕೈ ಪಕ್ಕೆಲುಬಿಗೆ ಹತ್ತುತ್ತಿತ್ತು, ಕಲ್ಲಿನ ದಾರಿಯಲ್ಲಿ ಮುಂದಿನ ಚಕ್ರ ಹೇಳಿದ ಮಾತು ಕೇಳುತ್ತಿರಲಿಲ್ಲ.

"ಹೊಸಾ ಹ್ಯಾಂಡಲ್ ತರಿಸಿದ್ವಿರಿ ಕಾಕಾರ. ನಡಕ ದಪ್ಪ ಐತಿ, ಈ ಸೈಕಲ್‌ಗೆ ಕೂಡಂಗಿಲ್ಲ ಅಂದ್ರು. ಶಿಗ್ಗಾಂವ್ಯಾಗ ಎಲ್ಲಾರೂ ಆಗೂದಿಲ್ಲ ಅಂದ್ರು. ಎಲಿಯವರ ಸೈಕಲ್ ಅಗಲ ಮಾಡ್ತಿದ್ರಲ್ಲ, ಅವ್ರ ಅಂಗಡಿ ಇದ ಏನ್ರಿ?"

ಮುಸ್ತಾಕನ ಮುಖ ಅರಳಿತು. ಭಾನುವಾರ ಹಿರೇಕೆರೂರಿನಲ್ಲಿ ರೇಸು, ಊರಾಚೆಯ ಗುಡ್ಡವನ್ನು ಮೂರು ಸಲ ಸುತ್ತಬೇಕು. ಮೊದಲು ಬಂದ ಇಬ್ಬರು ಹುಡುಗಿಯರಿಗೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಜಾಗ. ಹದಿನಾರು ತುಂಬಿದವರನ್ನು ಸೇರಿಸಿಕೊಳ್ಳುವುದಿಲ್ಲ. ತನುಜಾಳಿಗೆ ಜನವರಿಯಲ್ಲಿ ಹದಿನಾರು ತುಂಬುತ್ತಿತ್ತು. ಅಂದರೆ ಇದೊಂದೇ ಸಲ. ಅವಳು ಇದನ್ನೆಲ್ಲ ಗೋಳಾಡದೆ, ಬಸ್ಸಿನ ವೇಳೆ ಹೇಳುವವಳ ಹಾಗೆ ಹೇಳಿ, ಸೈಕಲ್ ಬಿಟ್ಟು ಬಸ್ಸು ಹತ್ತಿದಳು.

ಆ ಮೂರು ದಿನ ಲೇತ್ ನನ್ನ ಜೀವ ತಿಂದಿತು. ಆದರೂ ಸುಳ್ಳು ಹೇಳಬಾರದು, ಅವನು ಮಾಡಿದ್ದು ಚೆಂದದ ಕೆಲಸ. ಗೇರಿನ ಸೈಕಲ್ಲಿನ ಹ್ಯಾಂಡಲ್ ಟೊಳ್ಳು ಕೊಳವೆ. ಅಪ್ಪನ ಹಾಗೆ ಕಟ್ಟಿಗೆ ಜಡಿಯದೆ, ಗಟ್ಟಿ ಅಲ್ಯೂಮಿನಿಯಂ ಸರಳಿನಿಂದ ಎರಡು ತುಂಡು ಕಡೆದ. ಪ್ರತಿ ತುಂಡಿನ ಒಂದು ಭಾಗ ತೆಳು, ಮೂರಿಂಚು ಉದ್ದ, ಕೊಳವೆಯೊಳಗೆ ಹೋಗುತ್ತದೆ. ಉಳಿದ ಎರಡಿಂಚು ಹ್ಯಾಂಡಲ್ಲಿನಷ್ಟೇ ದಪ್ಪ, ಹೊರಗೆ ನಿಲ್ಲುತ್ತದೆ. ಒಳಗೆ ಹೋಗುವ ಭಾಗಕ್ಕೆ ಸೀಳು ಬಿಟ್ಟು ನಡುವೆ ಬೋಲ್ಟು ಕೂಡಿಸಿದ್ದ. ಬೋಲ್ಟು ಬಿಗಿದರೆ ಸೀಳು ಅಗಲಿ ಕೊಳವೆಯನ್ನು ಒಳಗಿನಿಂದ ಕಚ್ಚುತ್ತದೆ. ಹ್ಯಾಂಡಲ್ ಮುಗಿದು ತುಂಡು ಶುರುವಾಗುವ ಜಾಗದ ಮೇಲೆ ಉಗುರು ಎಳೆದರೂ ತೊಡಕುತ್ತಿರಲಿಲ್ಲ. ಅದರ ಮೇಲೆ ರಬ್ಬರಿನ ಗ್ರಿಪ್ಪನ್ನು ಎರಡಿಂಚು ಆಚೆ ಸರಿಸಿ ಹಾಕಿದ. ನನ್ನನ್ನು ಕರೆದು, ತುದಿ ಹಿಡಿದು ಜೋತು ಬೀಳಲು ಹೇಳಿದ. ನಾನು ತೊಂಬತ್ತು ಕಿಲೋ ಇದ್ದೇನೆ, ಅದು ಅಲುಗಲಿಲ್ಲ.

ಶನಿವಾರ ಸಂಜೆ ತನುಜಾ ಬಂದು ಅಂಗಡಿಯ ಮುಂದೆ ನಾಲ್ಕು ಸಲ ಓಡಾಡಿದಳು.

"ಭಾಳ ಚಲೋ ಆಗೇತ್ರಿ ಕಾಕಾರ. ಉಸುರು ಆಡಾಕ ಜಾಗಾ ಸಿಕ್ಕಂಗ ಆತು" ಎಂದಳು. ಆಮೇಲೆ ಬೆರಳು ಚಾಚಿ ನೋಡಿ, "ಬ್ರೇಕ್ ಸ್ವಲ್ಪ ದೂರ ಆತೇನ್ರಿ?" ಎಂದಳು.

"ರೂಢಿ ಆಗತೈತಿ ಯವ್ವಾ. ಎಲಿಯವ್ರು ಎಲ್ಲಾರೂ ಹಂಗ ಹಿಡೀತಾರ" ಎಂದ ಮುಸ್ತಾಕ. ಅಷ್ಟರಲ್ಲಿ ಅವನ ಕೈ ಬೇರೊಂದು ಸೈಕಲ್ಲಿನ ಚೈನಿಗೆ ಹೋಗಿತ್ತು.

ಭಾನುವಾರ ಬೆಳಿಗ್ಗೆ ಆರೂವರೆಗೆ ನಾನು ಎಣ್ಣೆ ಕಾಯಲಿಟ್ಟಿದ್ದೆ. ಮುಸ್ತಾಕ ಚಹಾದ ಗ್ಲಾಸು ಹಿಡಿದು ರಸ್ತೆಯಲ್ಲಿ ಅಡ್ಡಾಡುತ್ತಿದ್ದ. ಮೇಲಿನ ಇಳಿಜಾರಿನಿಂದ ಮುದುಕ ಖಾದರಸಾಬ ಎಲೆಯ ಪೆಂಡಿ ಹೇರಿದ ಸೈಕಲ್ಲನ್ನು ನೂಕಿಕೊಂಡು ಬರುತ್ತಿದ್ದ. ಈಗ ಹಾಗೆ ಎಲೆ ಒಯ್ಯುವವರು ಊರಲ್ಲಿ ಅವನೊಬ್ಬನೇ. ಕರೀಮಸಾಬ ಅಗಲ ಮಾಡಿದ ಹ್ಯಾಂಡಲ್ಲೇ ಅವನದು. ಒಂದು ಆಡು ಅಡ್ಡ ಬಂತು. ಖಾದರಸಾಬ ಬಲಗೈಯನ್ನು ತುದಿಯಿಂದ ತೆಗೆದು, ಒಳಗೆ ತಂದು ಬ್ರೇಕು ಹಿಡಿದ. ಆ ಒಂದು ಕ್ಷಣ ಬಲತುದಿಗೆ ಕೈಯೇ ಇರಲಿಲ್ಲ. ಹ್ಯಾಂಡಲ್ ಗಕ್ಕನೆ ಎಡಕ್ಕೆ ಹೊರಳಿ ಪೆಂಡಿ ಗೋಡೆಗೆ ಒರಗಿತು. ನಡೆದು ಬರುತ್ತಿದ್ದವನಾದ್ದರಿಂದ ಅವನಿಗೆ ಏನೂ ಆಗಲಿಲ್ಲ. ಆಡಿಗೆ ಬೈದು, ಸೈಕಲ್ ನೆಟ್ಟಗೆ ಮಾಡಿಕೊಂಡು ಮುಂದೆ ಹೋದ.

ಮುಸ್ತಾಕ ನಿಂತೇ ಇದ್ದ. ಇಪ್ಪತ್ತೆರಡು ವರ್ಷದಲ್ಲಿ ಆ ಮನುಷ್ಯ ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ನನಗೆ ಹೆದರಿಕೆಯಾಗಿ ಹೊರಗೆ ಬಂದೆ.

"ಅಜ್ಜಪ್ಪಣ್ಣ, ಬ್ರೇಕು" ಎಂದ. "ಗ್ರಿಪ್ ಸರಿಸಿದೆ, ಬ್ರೇಕ್ ಸರಿಸಲಿಲ್ಲ. ಆ ಹುಡುಗಿ ಕೇಳಿದ್ಲು, ರೂಢಿ ಆಗತೈತಿ ಅಂದೆ. ನಮ್ಮಪ್ಪ ಮಾಡಿದ್ದು ನೂಕ್ಕೊಂಡು ನಡಿಯೋರಿಗೆ. ಈಕಿ ಗುಡ್ಡದಿಂದ ಇಳಿಯಾಕಿ. ಇಳಿಯೂ ಮುಂದ ಬ್ರೇಕಿಗೆ ಅಂತ ಕೈ ಬಿಟ್ಲಂದ್ರ..."

ಬ್ರೇಕಿನ ಒಂದು ಬೋಲ್ಟು ಸಡಿಲಿಸಿ ಎರಡಿಂಚು ಆಚೆ ಸರಿಸಿ ಬಿಗಿದರೆ ಮುಗಿಯುವ ಕೆಲಸ, ಒಂದೊಂದು ಕಡೆಗೆ ಒಂದು ನಿಮಿಷದ್ದು. ಮೂರು ದಿನ ಕೂದಲೆಳೆ ಅಳತೆಗೆ ಸರಳು ಕಡೆದವನಿಗೆ ಆ ಒಂದು ನಿಮಿಷದ ಕೆಲಸ ಕಾಣಲಿಲ್ಲ. ಅಪ್ಪ ಎಂದೂ ಬ್ರೇಕಿಗೆ ಕೈ ಹಚ್ಚದ್ದರಿಂದ ಮಗನ ಕೈಯೂ ಅಲ್ಲಿಗೆ ಹೋಗಲಿಲ್ಲ.

ತನುಜಾಳ ಅವ್ವ ಮಂಜವ್ವನ ಫೋನು ಬಂದ್ ಇತ್ತು. ಮನೆಯಲ್ಲಿ ಇದ್ದದ್ದು ಅದೊಂದೇ ಫೋನು. ನಾನು ಒಲೆ ಆರಿಸಿ, ಬೈಯುತ್ತಲೇ ಬೈಕು ಹೊರಗೆ ತೆಗೆದೆ. ಮುಸ್ತಾಕ ಬೋಲ್ಟು ತಿರುಗಿಸುವ ಆರು ಮೂಲೆಯ ಕೀಲಿ ಜೇಬಿಗೆ ಹಾಕಿಕೊಂಡು ಹಿಂದೆ ಹತ್ತಿದ. ಗ್ಲಾಸು ಅವನ ಕೈಯಲ್ಲೇ ಉಳಿದಿತ್ತು, ನಾನೇ ಕಸಿದು ಕಟ್ಟೆಯ ಮೇಲಿಟ್ಟೆ.

ಶಿಗ್ಗಾಂವಿ ದಾಟಿ ದುಂಡಸಿ ಮುಟ್ಟಿದಾಗ ಎಂಟು ಹೊಡೆದಿತ್ತು. ಮಂಜವ್ವ ಅಂಗಳದಲ್ಲಿ ಗೋವಿನಜೋಳ ಹರಡುತ್ತಿದ್ದಳು.

"ಆಗಲೇ ಹೋದ್ಲಲ್ರಿ. ಮಾಸ್ತರು ಗಾಡಿ ತಂದಿದ್ರು, ಸೈಕಲ್ ಮ್ಯಾಲ ಕಟ್ಟಿಕೊಂಡು ಹೋದ್ರು. ಯಾಕ್ರಿ, ಏನರ ಮರ್ತು ಹೋಗ್ಯಾಳೇನ್ರಿ?"

ಮುಸ್ತಾಕ ಬಾಯಿ ತೆರೆದ. ನಾನು ಅವನ ಕಾಲು ತುಳಿದು, "ಒಂದು ಬೋಲ್ಟ್ ಬಿಗಿ ಮಾಡೂದಿತ್ತವ್ವ, ಅಷ್ಟ" ಎಂದೆ. ತಾಯಿಗೆ ಅದಕ್ಕಿಂತ ಹೆಚ್ಚು ಹೇಳಲು ನನಗೆ ಧೈರ್ಯವಾಗಲಿಲ್ಲ. ಅವಳು ಮಾಸ್ತರರ ನಂಬರು ಕೊಟ್ಟಳು. ಹತ್ತು ಸಲ ಫೋನು ಹಚ್ಚಿದೆವು, ರಿಂಗಾಗುತ್ತಿತ್ತು, ಯಾರೂ ಎತ್ತಲಿಲ್ಲ.

ಅಲ್ಲಿಂದ ಹಾನಗಲ್ಲಿನವರೆಗಿನ ಹಾದಿಯನ್ನು ನಾನು ಮರೆಯಲಾರೆ. ರಸ್ತೆಯ ಅರ್ಧಕ್ಕೆ ರೈತರು ಗೋವಿನಜೋಳ ಒಣಗಹಾಕಿ ಸುತ್ತ ಕಲ್ಲಿಟ್ಟಿದ್ದರು. ಉಳಿದರ್ಧದಲ್ಲಿ ಟ್ರ್ಯಾಕ್ಟರು, ಬಸ್ಸು, ನಾವು. ಹಿಂದೆ ಕೂತ ಮುಸ್ತಾಕ ಒಮ್ಮೆ ಎಡಕ್ಕೆ ಬಾಗಿ ನೋಡುತ್ತಿದ್ದ, ಒಮ್ಮೆ ಬಲಕ್ಕೆ. ಅವನು ಬಾಗಿದ ಕಡೆಗೆ ಬೈಕೂ ಬಾಗುತ್ತಿತ್ತು. ಜೇಬಿನಿಂದ ಕೀಲಿ ತೆಗೆದು ನೋಡುವುದು, ಮತ್ತೆ ಇಡುವುದು. ಪ್ರತಿ ಐದು ನಿಮಿಷಕ್ಕೆ ನನ್ನ ಹೆಗಲ ಮೇಲಿಂದ ಕೈ ತಂದು, "ಎಷ್ಟಾತು?" ಎಂದು ನನ್ನ ಗಡಿಯಾರವನ್ನೇ ತಿರುಗಿಸಿ ನೋಡುವುದು.

ಹಾನಗಲ್ಲಿನಲ್ಲಿ ಪೆಟ್ರೋಲು ಹಾಕಿಸಿ, ಒಂದು ಕಪ್ ಚಹಾ ಕುಡಿಯುತ್ತೇನೆಂದೆ. ಬೇಡವೆಂದು ಬೈಕಿನ ಕಿಲ್ಲಿಯನ್ನು ನನ್ನ ಕೈಯಿಂದ ಕಿತ್ತು ತಾನೇ ಬೈಕಿಗೆ ಚುಚ್ಚಿದ.

"ಲೇ, ನಾ ಏನ್ ನಿನ್ನ ಆಳೇನು? ಎಣ್ಣಿ ಒಲಿಮ್ಯಾಲ ಬಿಟ್ಟು ಬಂದೇನಿ ನಾನು" ಎಂದು ರೇಗಿದೆ.

"ಬೈರಿ ಅಜ್ಜಪ್ಪಣ್ಣ. ಓಡಸ್ಕೋಂತ ಬೈರಿ" ಎಂದ. ಅವನ ಕಣ್ಣಲ್ಲಿ ನೀರಿತ್ತು. ನಾನು ಬೈಕು ಹತ್ತಿದೆ.

ರೇಸು ಹತ್ತಕ್ಕೆ ಎಂದಿದ್ದರು. ನಾವು ಹಿರೇಕೆರೂರು ಮುಟ್ಟಿದಾಗ ಹತ್ತೂ ಇಪ್ಪತ್ತು. ಹತ್ತಿ ತುಂಬಿದ ಲಾರಿಗಳ ನಡುವೆ ನುಸುಳಿ, ಕೇಳಿಕೊಂಡು, ಊರಾಚೆಯ ಗುಡ್ಡದ ಬುಡಕ್ಕೆ ಹೋದೆವು. ಅತಿಥಿಗಳು ತಡವಾಗಿ ಬಂದದ್ದರಿಂದ ರೇಸು ಕೂಡ ತಡವಾಗಿಯೇ ಶುರುವಾಗಿತ್ತು. ಆದರೂ ಮೊದಲ ಸುತ್ತು ಮುಗಿದು ಹುಡುಗಿಯರು ಎರಡನೆಯ ಸುತ್ತಿನಲ್ಲಿದ್ದರು. ಗುಡ್ಡ ಬಹಳ ಎತ್ತರವಿಲ್ಲ. ಒಂದು ಕಡೆ ಹತ್ತಬೇಕು. ಇನ್ನೊಂದು ಕಡೆ ಜಾಲಿ ಕಂಟಿಗಳ ನಡುವೆ ಕಲ್ಲು ತುಂಬಿದ ಕಾಲುದಾರಿ ನೆಟ್ಟಗೆ ಕೆಳಗೆ ಬೀಳುತ್ತದೆ. ಗಾಡಿಯೊಳಗೆ ಮಾಸ್ತರರ ಫೋನು ಚಾರ್ಜಿಗೆ ಹಾಕಿದ್ದು ಕಂಡಿತು.

ತನುಜಾ ಇಳಿಯುವುದನ್ನು ನಾವು ಕೆಳಗಿನಿಂದಲೇ ನೋಡಿದೆವು. ಎರಡನೆಯವಳಾಗಿ ಬರುತ್ತಿದ್ದಳು. ಕಡಿದಾದ ಜಾಗಕ್ಕೆ ಬಂದಾಗ ಬಲಗೈ ತುದಿ ಬಿಟ್ಟು ಒಳಗೆ ಸರಿಯಿತು. ಮುಂದಿನ ಚಕ್ರ ಕಲ್ಲಿಗೆ ಬಡಿದು ಹೊರಳಿತು, ಅವಳು ಒಂದು ಕಾಲು ನೆಲಕ್ಕೆ ಊರಿ, ಎಳೆದಾಡಿ, ಹೇಗೋ ಸಾವರಿಸಿಕೊಂಡು ನಮ್ಮೆದುರೇ ಹಾದು ಹೋದಳು. ಅವಳ ಎಡ ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಮೊದಲ ಸುತ್ತಿನಲ್ಲೇ ಒಮ್ಮೆ ಬಿದ್ದಿರಬೇಕು.

ಮುಸ್ತಾಕ ಗುಡ್ಡ ಹತ್ತಲು ಓಡಿದ. ನಾನೂ ಏದುತ್ತ ಹಿಂದೆ ಹೋದೆ. ತುದಿಯಲ್ಲಿ ಬಾವುಟ ಹಿಡಿದು, ರೇಸಿನ ತೀರ್ಪು ಹೇಳುವ ಒಬ್ಬ ಪಂಚರು ನಿಂತಿದ್ದರು. ಅಲ್ಲಿ ಹುಡುಗಿಯರು ದಣಿದು ನಿಧಾನವಾಗಿ ಹತ್ತಿ ಬರುತ್ತಾರೆ, ನಿಲ್ಲಿಸುವುದಾದರೆ ಅಲ್ಲೇ ನಿಲ್ಲಿಸಬೇಕು.

ನನಗೆ ಆಗ ತಲೆಯಲ್ಲಿ ಬೇರೆ ಲೆಕ್ಕ ಶುರುವಾಯಿತು. ಉಳಿದದ್ದು ಒಂದೇ ಇಳಿಜಾರು. ಇವಳು ಎರಡನೆಯವಳು. ನಿಲ್ಲಿಸಿದರೆ ಜಾಗ ಹೋಯಿತು.

"ಬಿಡೋ ಮುಸ್ತಾಕ" ಎಂದೆ. "ಎರಡು ಸಲ ಇಳದಾಳ, ಮೂರನೇ ಸಲಾನೂ ಇಳೀತಾಳ."

"ಎರಡು ಸಲ ಇಳದಿಲ್ಲ ಅಜ್ಜಪ್ಪಣ್ಣ. ಎರಡು ಸಲ ಉಳಕೊಂಡಾಳ" ಎಂದ.

ತನುಜಾ ಹತ್ತಿ ಬಂದಳು. ಅವಳ ಹಿಂದೆ ಮೂರನೆಯವಳು ಇನ್ನೂ ಅರ್ಧ ದಾರಿಯಲ್ಲಿದ್ದಳು. ಮುಸ್ತಾಕ ಎರಡೂ ಕೈ ಎತ್ತಿ ಕೂಗಿದ. "ನಿಂದ್ರು ಯವ್ವಾ! ಬ್ರೇಕ್ ತಪ್ಪು ಮಾಡೇನಿ, ನಿಂದ್ರು!"

ಅವಳು ನಿಲ್ಲುವುದಿಲ್ಲ ಎಂದುಕೊಂಡಿದ್ದೆ. ನಿಂತಳು. ತಾನು ಏರಿದ ಸೈಕಲ್ಲಿನ ಹ್ಯಾಂಡಲ್ ಮಾಡಿಕೊಟ್ಟವನೇ ನಿಲ್ಲು ಎಂದರೆ ಯಾರಾದರೂ ನಿಲ್ಲುತ್ತಾರೆ. ಮುಸ್ತಾಕ ಕೀಲಿ ಹಿಡಿದು ಬಗ್ಗಿದ್ದೇ ತಡ, ಪಂಚರು ಬಾವುಟ ಅಡ್ಡ ಹಿಡಿದರು.

"ಮುಟ್ಟಬ್ಯಾಡ್ರಿ! ಹೊರಗಿನವ್ರು ಮುಟ್ಟಿದ್ರ ಆಕೀನ್ನ ರೇಸಿನಿಂದ ತಗೀಬೇಕಾಗತೈತಿ. ಏನ್ ಮಾಡಿದ್ರೂ ಆಕೀನ ಮಾಡ್ಕೋಬೇಕು."

ಕೀಲಿ ಮಾತ್ರ ಕೊಡಬಹುದು ಎಂದರು. ಮುಸ್ತಾಕ ಕೀಲಿ ಕೊಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ನಾನು ಹಿಂದೆ ನಿಂತು ಆ ಕೈಗಳನ್ನೇ ನೋಡುತ್ತಿದ್ದೆ. ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು, ಬೆರಳುಗಳು ಗಾಳಿಯಲ್ಲೇ ಬೋಲ್ಟು ತಿರುಗಿಸುತ್ತಿದ್ದವು.

"ಎಡಗೈದು ಮೊದಲ ಮಾಡು, ಅದು ಹಿಂದಿನ ಚಕ್ರದ್ದು. ಕೆಳಗ ಬೋಲ್ಟ್ ಐತಿ ನೋಡು. ಹಂಗಲ್ಲ, ಎಡಕ್ಕ ತಿರುವು. ಸಡ್ಲ ಆತು? ಈಗ ಆಚಿ ಕಡೆ ಸರಸು. ಇನ್ನಾ. ಇನ್ನಾ ಸ್ವಲ್ಪ."

ಹುಡುಗಿಯ ಬೆರಳು ಬೆವತು ಕೀಲಿ ಜಾರುತ್ತಿತ್ತು. ಒಮ್ಮೆ ಕೆಳಗೆ ಬಿತ್ತು, ಕಲ್ಲುಗಳ ಸಂದಿಯಲ್ಲಿ ಹುಡುಕಿದಳು. ಮುಸ್ತಾಕ ಮಾಡಿದ್ದರೆ ಮೂವತ್ತು ಎಣಿಸುವುದರೊಳಗೆ ಮುಗಿಯುತ್ತಿತ್ತು. ಮೂರನೆಯವಳು ಬಂದು ದಾಟಿ ಹೋದಳು. ತನುಜಾ ತಲೆ ಎತ್ತಿ ನೋಡಿದಳು, ಮತ್ತೆ ಬಗ್ಗಿದಳು. ಬೋಲ್ಟು ಬಿಗಿಯುವಷ್ಟರಲ್ಲಿ ನಾಲ್ಕನೆಯವಳೂ ದಾಟಿದಳು.

"ಸಾಕು, ಹೋಗು! ಎಡಗೈಲಿಂದ ಹಿಡಿ, ಬಲಗೈ ತುದಿ ಬಿಡಬ್ಯಾಡ!"

ಆ ಇಳಿತವನ್ನು ಹೇಗೆ ಹೇಳಲಿ. ಎರಡೂ ಕೈ ತುದಿಯಲ್ಲೇ ಇದ್ದವು. ಚಕ್ರ ಅವಳು ಹೇಳಿದ ಕಡೆ ಹೋಗುತ್ತಿತ್ತು. ಎಲ್ಲಿ ಬೇಕೋ ಅಲ್ಲಿ ಬೆರಳು ಬ್ರೇಕಿಗೆ ಹತ್ತುತ್ತಿತ್ತು, ಬಿಡುತ್ತಿತ್ತು. ಅರ್ಧ ಇಳಿಯುವುದರೊಳಗೆ ಒಬ್ಬಳನ್ನು ಹಿಂದೆ ಹಾಕಿದಳು. ಮುಂದಿನವಳು ಎಂಟು ಹತ್ತು ಮಾರು ದೂರ ಉಳಿದಿದ್ದಳು. ನಾನು ಗಂಟಲು ಕಿತ್ತು ಹೋಗುವ ಹಾಗೆ ಕೂಗಿದೆ. ಗುಡ್ಡ ಇನ್ನೂ ನೂರು ಮಾರು ಉದ್ದ ಇದ್ದಿದ್ದರೆ ಅವಳನ್ನೂ ಹಿಡಿಯುತ್ತಿದ್ದಳು. ಇರಲಿಲ್ಲ. ತನುಜಾ ಮೂರನೆಯವಳಾದಳು.

ನಾವು ಇಳಿದು ಬಂದಾಗ ಅವಳು ಹುಣಸೆ ಮರದ ಕೆಳಗೆ ನಿಂತು ನೀರು ಕುಡಿಯುತ್ತಿದ್ದಳು. ಮಾಸ್ತರರು ಏನೋ ಸಮಾಧಾನ ಹೇಳಿ ಆಚೆ ಹೋದರು. ಆಯ್ಕೆಯಾದ ಇಬ್ಬರ ಹೆಸರನ್ನು ಮೈಕಿನಲ್ಲಿ ಕರೆಯುತ್ತಿದ್ದರು. ಮುಸ್ತಾಕ ಅವಳ ಎದುರಿಗೆ ಹೋಗಿ ನಿಂತ. ಅವಳು ಬೈದಿದ್ದರೆ ಒಳ್ಳೆಯದಿತ್ತು, ನಾನು ಅದಕ್ಕೆ ತಯಾರಾಗಿದ್ದೆ.

"ಈ ಸಲ ಇಳಿಯೂ ಮುಂದ ಅಂಜಿಕಿನ ಬರ್ಲಿಲ್ರಿ ಕಾಕಾರ" ಎಂದಳು. ಆಮೇಲೆ ಬ್ರೇಕಿನ ಕಡೆ ಬೆರಳು ತೋರಿಸಿ, "ನಿನ್ನೇನ ಯಾಕ ಮಾಡ್ಲಿಲ್ರಿ ಇದನ್ನ?" ಎಂದು ಕೇಳಿದಳು.

ಸಿಟ್ಟಿನಿಂದ ಕೇಳಲಿಲ್ಲ. ತಿಳಿದುಕೊಳ್ಳಬೇಕೆಂದು ಕೇಳಿದಳು. ನನಗೆ ಅವನ ಪರವಾಗಿ ಏನಾದರೂ ಹೇಳಬೇಕೆನ್ನಿಸಿತು. ಅವನ ಅಪ್ಪನ ಕಥೆ, ಎಲೆಯವರ ಕಥೆ, ಇಷ್ಟು ದೂರ ಓಡಿ ಬಂದ ಕಥೆ, ಎಲ್ಲ ಬಾಯಿಗೆ ಬಂತು. ಒಂದೂ ಹೇಳುವ ಹಾಗಿರಲಿಲ್ಲ. ಹದಿನಾರು ತುಂಬಲು ಎರಡು ತಿಂಗಳಿದ್ದ ಹುಡುಗಿಗೆ ಅವು ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ.

"ನನಗ ತಿಳೀಲಿಲ್ಲವ್ವ" ಎಂದ ಮುಸ್ತಾಕ. "ನೀ ಕೇಳಿದಾಗರ ತಿಳೀಬೇಕಿತ್ತು. ತಿಳೀಲಿಲ್ಲ."

ಅವಳು ತಲೆಯಾಡಿಸಿದಳು. ಕ್ಷಮಿಸಿದಳೋ, ಕೇಳಿಸಿತು ಎಂದಷ್ಟೇ ಹೇಳಿದಳೋ, ನನಗೆ ಗೊತ್ತಾಗಲಿಲ್ಲ. ಮುಂಗೈಯಿಂದ ಕಣ್ಣೊರೆಸಿಕೊಂಡು ಗಾಡಿಯ ಕಡೆ ಸೈಕಲ್ ತಿರುಗಿಸಿದಳು.

"ತಡಿ" ಎಂದ ಮುಸ್ತಾಕ. "ಬಲಗಡೀದು ಉಳಿದೈತಿ."

ತನುಜಾ ಕೀಲಿ ಕೊಟ್ಟು, ಮುಂದಿನ ಚಕ್ರವನ್ನು ಎರಡೂ ಮೊಣಕಾಲುಗಳ ನಡುವೆ ಹಿಡಿದು ನಿಂತಳು. ಮುಸ್ತಾಕ ಬಗ್ಗಿ, ಬೋಲ್ಟು ಸಡಿಲಿಸಿ, ಬ್ರೇಕನ್ನು ಎರಡಿಂಚು ಆಚೆ ಸರಿಸಿ ಬಿಗಿದ. ಗ್ರಿಪ್ಪಿನ ಮೇಲೆ ಕೈಯಿಟ್ಟು ಬೆರಳು ಚಾಚಲು ಹೇಳಿದ.

"ಸಿಕ್ತೇನು?"

"ಸಿಕ್ತ್ರಿ ಕಾಕಾರ."